ಸಂಘದ ಯೋಜನೆ: ಮಿರಗಕ್ಕೆ ಮುಂಚೆ ಮುಗಿಸಬೇಕಾದ ಕೆಲಸ

ಯೋಜನೆ ಎಂಬ ಮಾತು ಒಕ್ಕಲಿಗನಿಗೆ ಹೊಸದಲ್ಲ. ಹಿಂಗಾರಿ ರಾಶಿ ಮುಗಿಯುವ ಹೊತ್ತಿಗೇ ಬರುವ ವರುಷ ಯಾವ ಹೊಲಕ್ಕೆ ಜೋಳ, ಯಾವುದಕ್ಕೆ ತೊಗರಿ, ಯಾವ ತುಂಡನ್ನು ಹಾಗೆಯೇ ಬಿಡಬೇಕು ಎಂಬ ಲೆಕ್ಕ ಅವನ ಮನಸ್ಸಿನಲ್ಲಿ ನಡೆದಿರುತ್ತದೆ. ರಾಶಿಯ ಕಣದಲ್ಲಿ ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ತೆಗೆದಿಡುವ ಹೆಣ್ಣುಮಗಳು ಮುಂದಿನ ಬಿತ್ತನೆಯನ್ನು ಅಂದೇ ಕಂಡಿರುತ್ತಾಳೆ. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಮನೆತನದ ಬೇಸಾಯ ನಡೆದು ಬಂದಿರುವುದೇ ಇಂಥ ಮುಂದಾಲೋಚನೆಯ ಮೇಲೆ.

ಆದರೆ ಒಂದು ಮನೆಯ ಬೇಸಾಯ ಬೇರೆ, ನಲವತ್ತು ಮನೆಗಳು ಕೂಡಿ ಮಾಡುವ ಕೆಲಸ ಬೇರೆ. ಮನೆಯ ಯೋಜನೆ ಯಜಮಾನನ ತಲೆಯಲ್ಲಿದ್ದರೂ ನಡೆಯುತ್ತದೆ. ಹೇಳಬೇಕಾದವರು ನಾಲ್ಕೇ ಜನ, ಅವರೂ ಒಂದೇ ಒಲೆಯ ಮುಂದೆ ಕೂಡುವವರು. ಸಂಘಕ್ಕೆ ಅಂಥ ಒಂದು ತಲೆ ಇಲ್ಲ. ಅಧ್ಯಕ್ಷರ ತಲೆಯಲ್ಲಿ ಒಂದಿದ್ದರೆ, ಕಾರ್ಯದರ್ಶಿಯ ತಲೆಯಲ್ಲಿ ಇನ್ನೊಂದು, ಸದಸ್ಯರ ತಲೆಯಲ್ಲಿ ಮತ್ತೊಂದು ಇರುತ್ತದೆ. ಆದ್ದರಿಂದ ಸಂಘದ ಯೋಜನೆಯನ್ನು ಎಲ್ಲರೆದುರು ಬಾಯಿಬಿಟ್ಟು ಆಡಿ, ಒಪ್ಪಿ, ಬರೆದಿಡಬೇಕಾಗುತ್ತದೆ. ಅದೂ ಹಂಗಾಮು ಬರುವುದಕ್ಕೆ ಮುಂಚೆ.

ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳ ಸೀಮೆಯಲ್ಲಿ ಈಗ ಸಂಘಗಳಿಗೆ ಕೊರತೆಯಿಲ್ಲ. ಹೆಣ್ಣುಮಕ್ಕಳ ಉಳಿತಾಯ ಸಂಘಗಳಿವೆ, ಪ್ರಾಥಮಿಕ ಸಹಕಾರ ಸಂಘಗಳಿವೆ. 2020ರಲ್ಲಿ ಕೇಂದ್ರ ಸರಕಾರವು ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ರೈತರ ಕಂಪನಿ ಎಂಬ ಮಾತೂ ಹಳ್ಳಿಗೆ ಬಂದಿದೆ. ಆದರೂ ಎಷ್ಟೋ ಕಡೆ ಬೋರ್ಡು ಇರುತ್ತದೆ, ಸಂಘ ಇರುವುದಿಲ್ಲ. ಹಣವಿಲ್ಲ, ಒಗ್ಗಟ್ಟಿಲ್ಲ ಎಂದು ಕಾರಣ ಹೇಳುವುದುಂಟು. ಅದೂ ನಿಜವಿರಬಹುದು. ಆದರೆ ವಿಚಾರಿಸಿ ನೋಡಿದರೆ, ಬಹಳ ಕಡೆ ಯಾವ ಕೆಲಸವನ್ನು ಯಾರು, ಯಾವಾಗ, ಯಾವ ಹಣದಿಂದ ಮಾಡಬೇಕೆಂದು ಮೊದಲೇ ತೀರ್ಮಾನವಾಗಿರುವುದಿಲ್ಲ. ಮಳೆ ಬಿದ್ದ ಮೇಲೆ ಬೀಜ ಹುಡುಕುವುದು, ರಾಶಿಯಾದ ಮೇಲೆ ಚೀಲ ಹುಡುಕುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಯೋಜನೆ ಎಂದರೇನು?

ಏನು ಮಾಡಬೇಕು, ಏಕೆ ಮಾಡಬೇಕು, ಯಾರು, ಯಾವಾಗ, ಎಷ್ಟು ಖರ್ಚಿನಲ್ಲಿ ಮಾಡಬೇಕು, ಅಂದುಕೊಂಡಂತೆ ಆಗದಿದ್ದರೆ ಮುಂದೇನು – ಈ ಪ್ರಶ್ನೆಗಳಿಗೆ ಕೆಲಸ ತೊಡಗುವ ಮುಂಚೆಯೇ ಉತ್ತರ ಕಂಡುಕೊಳ್ಳುವುದೇ ಯೋಜನೆ. ಶಿಕ್ಷಕರ ತರಬೇತಿ ಪಡೆದವರಿಗೆಲ್ಲ ಪಾಠಯೋಜನೆ ಬರೆದ ಅನುಭವ ಉಂಟು. ಪಾಠದ ಉದ್ದೇಶವೇನು, ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ, ಯಾವ ಸಾಮಗ್ರಿ ಬೇಕು, ಯಾವ ಹೊತ್ತಿಗೆ ಏನು ಹೇಳಬೇಕು, ಕಲಿತರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂದು ಅದರಲ್ಲಿ ಬರೆಯುತ್ತೇವೆ. ಸಂಘದ ಯೋಜನೆಯ ಕಟ್ಟೂ ಇದೇ. ಮಕ್ಕಳ ಜಾಗದಲ್ಲಿ ಸದಸ್ಯರು, ಸೀಮೆಸುಣ್ಣದ ಜಾಗದಲ್ಲಿ ಬೀಜ, ಗೊಬ್ಬರ, ಹಣ.

ದೊಡ್ಡ ಸಂಸ್ಥೆಗಳ ಆಡಳಿತವನ್ನು ಶಾಸ್ತ್ರವಾಗಿ ಬರೆದವರಲ್ಲಿ ಫ್ರಾನ್ಸ್ ದೇಶದ ಹೆನ್ರಿ ಫಯೋಲ್ ಎಂಬವರು ಮೊದಲಿಗರು. ಅವರು 1888ರಲ್ಲಿ ಒಂದು ಗಣಿ ಕಂಪನಿಯ ಮುಖ್ಯಸ್ಥರಾದಾಗ ಅದು ದಿವಾಳಿಯ ಅಂಚಿನಲ್ಲಿತ್ತು. ಅದನ್ನು ಅವರು ಮತ್ತೆ ಎತ್ತಿ ನಿಲ್ಲಿಸಿದರು. 1916ರಲ್ಲಿ ತಮ್ಮ ಅನುಭವವನ್ನು ಬರೆದು, ಆಡಳಿತಗಾರನಿಗೆ ಐದು ಕೆಲಸಗಳೆಂದರು: ಮುಂದಿನದನ್ನು ಕಂಡು ಯೋಜಿಸುವುದು, ಜನರನ್ನೂ ಸಾಧನಗಳನ್ನೂ ಸಂಘಟಿಸುವುದು, ಕೆಲಸ ನಡೆಸುವುದು, ಒಂದಕ್ಕೊಂದನ್ನು ಹೊಂದಿಸುವುದು, ತಪಾಸಣೆ ಮಾಡುವುದು. ಇವುಗಳಲ್ಲಿ ಯೋಜನೆಯನ್ನೇ ಮೊದಲು ಇಟ್ಟರು. ಒಳ್ಳೆಯ ಯೋಜನೆಗೆ ನಾಲ್ಕು ಗುಣಗಳಿರಬೇಕೆಂದೂ ಹೇಳಿದರು. ಎಲ್ಲರಿಗೂ ಒಂದೇ ಯೋಜನೆ ಇರಬೇಕು, ಈ ವರುಷದ್ದು ಬರುವ ವರುಷದ್ದಕ್ಕೆ ಕೂಡಿಕೊಳ್ಳಬೇಕು, ಪರಿಸ್ಥಿತಿ ಬದಲಾದರೆ ಬಾಗಬೇಕು, ಮಾತು ಖಚಿತವಾಗಿರಬೇಕು.

ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಇಡೀ ಭಾರತದ ಆರ್ಥಿಕ ಯೋಜನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ದೇಶಕ್ಕೆ ಬೇಕಾದುದು ಸಂಘಕ್ಕೆ ಬೇಡವೆಂದಿಲ್ಲ. ಅಳತೆ ಚಿಕ್ಕದು, ಅಷ್ಟೇ.

ನಮ್ಮ ಮಗ್ಗುಲಲ್ಲೇ ಇರುವ ಉದಾಹರಣೆ

ಫ್ರಾನ್ಸಿನ ಗಣಿಯ ಮಾತು ದೂರದ್ದಾಯಿತು ಎನ್ನುವವರು ಜಹೀರಾಬಾದಿನ ಹತ್ತಿರದ ಪಸ್ತಾಪುರದತ್ತ ನೋಡಬಹುದು. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೇಂದ್ರ ಅಲ್ಲಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಅವರು ಮೈಸೂರಿನಲ್ಲಿ ಹುಟ್ಟಿದವರು. 2023ರ ಮಾರ್ಚಿಯಲ್ಲಿ ತೀರಿಕೊಂಡರು. ಸುತ್ತಲಿನ ಸುಮಾರು 75 ಹಳ್ಳಿಗಳಲ್ಲಿ ಬಡ ಹೆಣ್ಣುಮಕ್ಕಳ ಸಂಘಗಳು ಈ ಸಂಸ್ಥೆಯ ಆಸರೆಯಲ್ಲಿ ಬೆಳೆದವು. ಅವರಲ್ಲಿ ಬಹುಪಾಲು ದಲಿತ ಮನೆತನದವರು. ಒಂದೆರಡು ಎಕರೆ ಒಣ ಭೂಮಿ, ಅದೂ ಎಷ್ಟೋ ವರುಷ ಬೀಳುಬಿದ್ದದ್ದು, ಅವರ ಆಸ್ತಿಯಾಗಿತ್ತು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ನೀಡುವ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನಮಗೆ ಬೇಕಾದದ್ದು ಅವರು ಯೋಜಿಸಿದ ರೀತಿ.

1990ರ ದಶಕದ ನಡುವಿನಲ್ಲಿ ಆ ಸಂಘಗಳು ಸಮುದಾಯ ಧಾನ್ಯ ನಿಧಿ ಎಂಬ ಕೆಲಸವನ್ನು ಕೈಗೆತ್ತಿಕೊಂಡವು. ಮಳೆಗಾಲದಲ್ಲಿ ಹಳೆಯ ಕಾಳು ಮುಗಿದು ಹೊಸದು ಬಾರದ ದಿನಗಳಲ್ಲಿ ಬಡವರ ಮನೆಯಲ್ಲಿ ಜೋಳವಿರುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹೊರಗಿನಿಂದ ಬಂದ ಅಕ್ಕಿ. ಇತ್ತ ಊರ ಸುತ್ತ ಬೀಳುಭೂಮಿ ಇತ್ತು, ಕೆಲಸವಿಲ್ಲದ ಕೈಗಳಿದ್ದವು. ಬೀಳನ್ನು ಉತ್ತು ಜೋಳ ಬೆಳೆದು ಆ ಜೋಳವನ್ನು ಅದೇ ಊರಲ್ಲಿ ಕೂಡಿಟ್ಟು ಹಸಿವಿನ ತಿಂಗಳಲ್ಲಿ ಅದೇ ಊರಿನ ಬಡವರಿಗೆ ಕಡಿಮೆ ಬೆಲೆಗೆ ಕೊಡುವುದೆಂದು ಗುರಿ ಹಾಕಿಕೊಂಡರು. ಸರಕಾರದ ಹಣಸಹಾಯವೂ ದೊರೆಯಿತು. ಮೂವತ್ತಕ್ಕೂ ಮೇಲ್ಪಟ್ಟ ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಹೆಚ್ಚು ಭೂಮಿ ಹೀಗೆ ಸಾಗುವಳಿಗೆ ಬಂತು.

ಆ ಕೆಲಸವನ್ನು ಫಯೋಲರ ನಾಲ್ಕು ಗುಣಗಳಿಂದ ಅಳೆದು ನೋಡೋಣ.

ಮೊದಲನೆಯದು, ಒಂದೇ ಯೋಜನೆ. ಉಳುಮೆಗೆ ಒಂದು ಸಮಿತಿ, ಕೂಡಿಡುವುದಕ್ಕೆ ಒಂದು, ಹಂಚುವುದಕ್ಕೆ ಇನ್ನೊಂದು ಎಂದು ಚದುರಿಹೋಗಲಿಲ್ಲ. ಹೊಲ, ಉಗ್ರಾಣ, ಊಟದ ತಾಟು ಒಂದೇ ಲೆಕ್ಕದಲ್ಲಿ ಬಂದವು.

ಎರಡನೆಯದು, ವರುಷದಿಂದ ವರುಷಕ್ಕೆ ಕೂಡಿಕೆ. ಸಾಲ ಪಡೆದವರು ಅದನ್ನು ಧಾನ್ಯದ ರೂಪದಲ್ಲಿ ಕೆಲವು ವರುಷಗಳಲ್ಲಿ ತೀರಿಸಬೇಕಾಗಿತ್ತು. ಆ ಧಾನ್ಯ ಮಾರಿ ಬಂದ ಹಣ ನಿಧಿಗೆ ಸೇರಿ, ಮತ್ತಷ್ಟು ಬೀಳುಭೂಮಿಗೆ ಸಾಲವಾಗಿ ಹೋಗಬೇಕಾಗಿತ್ತು. ಒಮ್ಮೆ ಬಂದ ಹಣ ಒಂದೇ ಹಂಗಾಮಿನಲ್ಲಿ ಕರಗಿಹೋಗದಂತೆ ನೋಡಿಕೊಂಡ ಕ್ರಮವಿದು.

ಮೂರನೆಯದು, ಬಾಗುವ ಗುಣ. ಈ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಹತ್ತು ಹದಿನೈದು ಬಗೆಯ ಬೆಳೆಗಳನ್ನು ಕೂಡಿಸಿ ಬಿತ್ತುವ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಅಲಸಂದಿ, ಪುಂಡಿ ಹೀಗೆ ಸಾಲುಸಾಲಾಗಿ ಇರುತ್ತವೆ. ಮಳೆ ಮುಂಚೆ ಬಂದು ಹಿಂದೆ ಕೈಕೊಟ್ಟರೆ ಒಂದು ಉಳಿಯುತ್ತದೆ. ಹಿಂದೆ ಬಂದರೆ ಇನ್ನೊಂದು ಉಳಿಯುತ್ತದೆ. ಮಳೆ ತಪ್ಪಿದರೆ ಏನು ಮಾಡಬೇಕೆಂಬ ಉತ್ತರವನ್ನು ಬಿತ್ತುವಾಗಲೇ ಹೊಲದಲ್ಲಿ ಇಟ್ಟಂತಾಯಿತು.

ನಾಲ್ಕನೆಯದು, ಖಚಿತತೆ. ಬಡವರಿಗೆ ಕೊಡುವುದು ಎಂದಷ್ಟೇ ಬರೆದಿದ್ದರೆ ಜಗಳವಾಗುತ್ತಿತ್ತು. ಯಾರು ಬಡವರು ಎಂಬುದನ್ನು ಊರವರೇ ಕೂಡಿ, ಊರಿನ ನಕ್ಷೆ ಬರೆದು, ಮನೆಮನೆಯನ್ನೂ ಗುರುತಿಸಿ ತೀರ್ಮಾನಿಸಿದರು. ಹೆಚ್ಚು ಬಡವರಿಗೆ ಹೆಚ್ಚು ಕಾಳು, ಸ್ವಲ್ಪ ಅನುಕೂಲವಿದ್ದವರಿಗೆ ಕಡಿಮೆ ಎಂದು ವರ್ಗಗಳಾದವು. ಸಾಲವೂ ಒಂದೇ ಗಂಟಿನಲ್ಲಿ ಕೈಗೆ ಬರಲಿಲ್ಲ. ಉಳುಮೆ, ಗೊಬ್ಬರ, ಬಿತ್ತನೆ, ಕಳೆ ಎಂದು ಕೆಲಸ ಮುಂದುವರಿದಂತೆ ಬಂತು.

ಇವರ ಬೀಜದ ಉಗ್ರಾಣಗಳಲ್ಲೂ ಇದೇ ಬುದ್ಧಿ ಕಾಣುತ್ತದೆ. ಬೀಜ ಪಡೆದ ಹೆಣ್ಣುಮಗಳು ಸುಗ್ಗಿಯಲ್ಲಿ ಪಡೆದದ್ದಕ್ಕಿಂತ ಹೆಚ್ಚು ಅಳತೆಯನ್ನು ಮರಳಿಸುತ್ತಾಳೆ. ಬೀಜವನ್ನು ಬೂದಿ, ಬೇವಿನ ಎಲೆಗಳೊಡನೆ ಬುಟ್ಟಿಗಳಲ್ಲಿ ತುಂಬಿ, ಸಗಣಿ ಮಣ್ಣಿನಿಂದ ಬಾಯಿ ಮೆತ್ತಿ ಇಡುತ್ತಾರೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪಡೆದದ್ದಕ್ಕಿಂತ ಹೆಚ್ಚು ಮರಳಿಸಬೇಕು ಎಂಬುದು ಪ್ರತಿ ವರುಷ ಚರ್ಚಿಸುವ ಮಾತಲ್ಲ. ಅದು ಕಾಯಂ ನಿಯಮ. ಈ ವರುಷ ಯಾರಿಗೆ ಎಷ್ಟು ಸೇರು ಎಂಬುದು ಹಂಗಾಮಿನ ಯೋಜನೆ. ಯಾವುದು ಕಾಯಂ, ಯಾವುದು ಹಂಗಾಮಿನದು ಎಂದು ಬೇರ್ಪಡಿಸಿಕೊಂಡ ಸಂಘದ ಸಭೆ ಬೇಗ ಮುಗಿಯುತ್ತದೆ. ಬೇರ್ಪಡಿಸದ ಸಂಘ ಪ್ರತಿ ಸಭೆಯಲ್ಲೂ ಹಳೆಯ ಮಾತನ್ನೇ ಅಗೆಯುತ್ತ ಕೂಡುತ್ತದೆ.

ತೊಗರಿಯ ಲೆಕ್ಕದಿಂದ ಕಲಿಯೋಣ

ಈಗ ಒಂದು ಸಂಘ ತನ್ನ ಯೋಜನೆಯನ್ನು ಹೇಗೆ ಕಟ್ಟಬೇಕೆಂದು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ತಾಂಡೂರಿನ ತೊಗರಿಯನ್ನೇ ತೆಗೆದುಕೊಳ್ಳೋಣ. ಕಲಬುರ್ಗಿಯ ತೊಗರಿಬೇಳೆಗೆ 2019ರಲ್ಲಿಯೂ ತಾಂಡೂರಿನ ತೊಗರಿಗೆ 2022ರಲ್ಲಿಯೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರು ಬಂದಿತೆಂದ ಮಾತ್ರಕ್ಕೆ ರೈತನ ಕೈಗೆ ಬೆಲೆ ಬರುವುದಿಲ್ಲ. ಒಂದೇ ಗುಣದ ಮಾಲನ್ನು ಒಂದೇ ಕಡೆ ಕೂಡಿಸಿ, ತೂಗಿ, ಮಾರಬಲ್ಲ ಸಂಘ ಬೇಕು.

ಒಂದು ಸಂಘದಲ್ಲಿ 40 ಜನ ಸದಸ್ಯರು, ಒಬ್ಬೊಬ್ಬರದು ಒಂದೂವರೆ ಎಕರೆಯಂತೆ ಒಟ್ಟು 60 ಎಕರೆ ತೊಗರಿ ಎಂದಿಟ್ಟುಕೊಳ್ಳೋಣ.

1. ಗುರಿ. ರೈತರ ಏಳಿಗೆ ಎಂಬುದು ಗುರಿಯಲ್ಲ, ಅದು ಹಾರೈಕೆ. ಗುರಿಯೆಂದರೆ ಅಳೆಯಲು ಬರಬೇಕು. ಈ ವರುಷ ಸದಸ್ಯರ ತೊಗರಿಯಲ್ಲಿ ಮೂರರಲ್ಲಿ ಒಂದು ಪಾಲನ್ನು ಸುಗ್ಗಿಯ ಇಳಿದ ಬೆಲೆಗೆ ಮಾರದೆ ಸಂಘದಲ್ಲಿ ಕೂಡಿಟ್ಟು ಮಾರುವುದು ಎಂದು ಬರೆದರೆ, ವರುಷದ ಕೊನೆಗೆ ಆಯಿತೋ ಇಲ್ಲವೋ ಎಂದು ಹೇಳಬಹುದು.

2. ಕೈಯಲ್ಲಿರುವುದೇನು. ಎಷ್ಟು ಎಕರೆ ಕರಿಭೂಮಿ, ಎಷ್ಟು ಕೆಂಪು? ಎಷ್ಟು ಜನರ ಬಳಿ ಬೀಜವಿದೆ? ಯಾರ ಬಳಿ ಎತ್ತಿವೆ, ಯಾರು ಟ್ರ್ಯಾಕ್ಟರನ್ನು ಬಾಡಿಗೆಗೆ ನಂಬಿದ್ದಾರೆ? ಯಾರು ಅಡತಿ ಅಂಗಡಿಯಲ್ಲಿ ಮುಂಗಡ ಪಡೆದಿದ್ದಾರೆ? ಕೊನೆಯ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೇಳಲು ನಾಚಿಕೆಯಾಗಬಹುದು. ಆದ್ದರಿಂದ ಒಬ್ಬೊಬ್ಬರನ್ನೇ ಬೇರೆ ಕೇಳಿ ತಿಳಿಯುವುದು ಮೇಲು. ಮುಂಗಡ ಪಡೆದವನ ಕಾಳು ಸಂಘಕ್ಕೆ ಬರುವುದಿಲ್ಲವೆಂದು ತಿಳಿಯದೆ ಮಾಡಿದ ಲೆಕ್ಕ ನೀರಿನ ಮೇಲಿನ ಬರಹ.

3. ಮುಂದಿನ ಅಂದಾಜು. ಮಳೆ, ಬೆಲೆ, ರೋಗ ಈ ಮೂರೂ ನಮ್ಮ ಕೈಯಲ್ಲಿಲ್ಲ. ಹಾಗೆಂದು ಅಂದಾಜು ಮಾಡಬಾರದೆಂದಿಲ್ಲ. ಒಳ್ಳೆಯ ವರುಷ, ನಡುವಿನ ವರುಷ, ಕೆಟ್ಟ ವರುಷ ಎಂದು ಮೂರು ಲೆಕ್ಕ ಹಾಕಿರಿ. ಎಕರೆಗೆ 5 ಕ್ವಿಂಟಲ್ ಬಂದರೆ 300 ಕ್ವಿಂಟಲ್. ಮೂರೂವರೆ ಬಂದರೆ 210. ಎರಡೇ ಬಂದರೆ 120. ಯೋಜನೆಯನ್ನು ನಡುವಿನ ಲೆಕ್ಕದ ಮೇಲೆ ಕಟ್ಟಬೇಕು, ಕೆಟ್ಟ ಲೆಕ್ಕದಿಂದ ಒರೆ ಹಚ್ಚಬೇಕು. ಒಳ್ಳೆಯ ಲೆಕ್ಕದ ಮೇಲೆ ಸಾಲ ತಂದ ಸಂಘ ಮೊದಲ ಬರಗಾಲಕ್ಕೇ ಬಾಗಿಲು ಹಾಕುತ್ತದೆ.

4. ದಾರಿಗಳು. ಒಂದೇ ದಾರಿ ಕಾಣುವವನಿಗೆ ಯೋಜನೆ ಬೇಕಿಲ್ಲ. ತಾಂಡೂರು ಗಂಜಿನಲ್ಲಿ ಮಾರಬಹುದು, ಕಲಬುರ್ಗಿಯ ಪೇಟೆಗೆ ಒಯ್ಯಬಹುದು, ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದರೆ ಅಲ್ಲಿಗೆ ಕೊಡಬಹುದು, ಕೂಡಿಡಬಹುದು, ಬೇಳೆ ಮಾಡಿಸಿ ಮಾರಬಹುದು. ಪ್ರತಿಯೊಂದರ ಮುಂದೆ ಖರ್ಚು, ಲಾಭ, ತೊಡಕು ಬರೆಯಿರಿ. ಖರೀದಿ ಕೇಂದ್ರದಲ್ಲಿ ತೇವಾಂಶ ನೂರಕ್ಕೆ 12ಕ್ಕಿಂತ ಹೆಚ್ಚಿದ್ದರೆ ಮಾಲು ತಿರುಗಿ ಬರುತ್ತದೆ. ಹಾಗಾದರೆ ಒಣಗಿಸುವ ಕಣ ಎಲ್ಲಿ ಎಂಬುದೂ ಯೋಜನೆಯ ಮಾತಾಯಿತು. ಅಲ್ಲಿನ ನೋಂದಣಿ ಹೊಲದ ದಾಖಲೆಯ ಮೇಲೆ ನಡೆಯುತ್ತದೆ. ಗಡಿಯ ಎರಡೂ ಕಡೆ ಹೊಲ ಉಳ್ಳವರು ಯಾವ ಕಾಳನ್ನು ಎಲ್ಲಿ ಕೊಡಬಹುದೆಂದು ಸುಗ್ಗಿಗೆ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಕೂಡಿಡುವ ದಾರಿಯನ್ನು ಮಾತ್ರ ಲೆಕ್ಕ ಮಾಡಿ ತೋರಿಸುತ್ತೇನೆ. ಸುಗ್ಗಿಯಲ್ಲಿ ಕ್ವಿಂಟಲಿಗೆ 7000 ರೂಪಾಯಿ ಬೆಲೆ ಇದೆಯೆಂದೂ, ಸಾಲದ ಬಡ್ಡಿ ವರುಷಕ್ಕೆ ನೂರಕ್ಕೆ 12 ಎಂದೂ ಇಟ್ಟುಕೊಳ್ಳೋಣ. ಒಂದು ಕ್ವಿಂಟಲನ್ನು ಮೂರು ತಿಂಗಳು ಇಟ್ಟರೆ ಬಡ್ಡಿ 210 ರೂಪಾಯಿ. ಗೋದಾಮಿನ ಬಾಡಿಗೆ ತಿಂಗಳಿಗೆ 15ರಂತೆ 45. ಒಣಗಿ, ಹುಳು ಹಿಡಿದು ಒಂದು ಕಿಲೋ ಕಡಿಮೆಯಾದರೆ 70. ಒಟ್ಟು 325 ರೂಪಾಯಿ. ಮೂರು ತಿಂಗಳಲ್ಲಿ ಬೆಲೆ ಇದಕ್ಕಿಂತ ಹೆಚ್ಚು ಏರಿದರೆ ಲಾಭ, ಇಲ್ಲದಿದ್ದರೆ ನಷ್ಟ. ಬಾಡಿಗೆಗಿಂತ ಬಡ್ಡಿಯೇ ದೊಡ್ಡದೆಂಬುದನ್ನು ಗಮನಿಸಿರಿ. ಎಲ್ಲರೂ ಬಾಡಿಗೆಗೆ ಚೌಕಾಸಿ ಮಾಡುತ್ತಾರೆ, ಬಡ್ಡಿಯನ್ನು ಮರೆಯುತ್ತಾರೆ. ನಿಮ್ಮ ಊರಿನ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಸಭೆಯಲ್ಲಿ ಹಲಗೆಯ ಮೇಲೆ ಮಾಡಿ ತೋರಿಸಿದರೆ ಓದುಬಾರದವರಿಗೂ ಅರ್ಥವಾಗುತ್ತದೆ.

5. ಆಯ್ಕೆ ಮತ್ತು ಹಂಚಿಕೆ. ದಾರಿ ಆರಿಸಿದ ಮೇಲೆ ಕೆಲಸವನ್ನು ಹೆಸರು ಹಿಡಿದು ಹಂಚಬೇಕು. ಬೀಜದ್ದನ್ನೇ ನೋಡಿರಿ. ಎಕರೆಗೆ 5 ಕಿಲೋದಂತೆ 60 ಎಕರೆಗೆ 300 ಕಿಲೋ. ಮೊದಲ ಮಳೆಗೆ ಹುಟ್ಟಿ ಒಣಗಿದರೆ ಮರುಬಿತ್ತನೆಗೆಂದು ಹತ್ತರಲ್ಲಿ ಒಂದು ಪಾಲು, 30 ಕಿಲೋ. ಒಟ್ಟು 330. ಇದನ್ನು ಯಾರು ತರಬೇಕು, ಯಾವ ತಾರೀಖಿಗೆ, ಮೊಳಕೆಯ ಪರೀಕ್ಷೆ ಯಾರು ಮಾಡಬೇಕು? ನೂರು ಕಾಳನ್ನು ಒದ್ದೆ ಚೀಲದಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸುವುದು ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ. ಮೇ ತಿಂಗಳಲ್ಲಿ ಎಣಿಸಿದರೆ ಕೆಟ್ಟ ಬೀಜವನ್ನು ಬದಲಿಸಲು ಹೊತ್ತಿರುತ್ತದೆ. ಮಿರಗ ಕೂಡಿದ ಮೇಲೆ ಎಣಿಸಿದರೆ ತಿಳಿದೂ ಪ್ರಯೋಜನವಿಲ್ಲ. ಎಲ್ಲರೂ ಸೇರಿ ಮಾಡೋಣ ಎಂದು ನಡಾವಳಿಯಲ್ಲಿ ಬರೆದ ಕೆಲಸ ಯಾರಿಂದಲೂ ಆಗುವುದಿಲ್ಲ.

6. ಹಣದ ಅಂದಾಜು. ಬೀಜ, ಚೀಲ, ಬಾಡಿಗೆ, ಹಮಾಲಿ, ಸಾಗಣೆ ಇವು ಯಾವ ತಿಂಗಳಲ್ಲಿ ಬೇಕಾಗುತ್ತವೆ, ಹಣ ಯಾವ ತಿಂಗಳಲ್ಲಿ ಬರುತ್ತದೆ ಎಂದು ಎರಡು ಸಾಲು ಬರೆಯಿರಿ. ಬಹಳ ಸಂಘಗಳಿಗೆ ಒಟ್ಟು ಹಣ ಸಾಕಾಗುತ್ತದೆ. ಬೇಕಾದ ತಿಂಗಳಲ್ಲಿ ಇರುವುದಿಲ್ಲ. ನಡುವಿನ ವರುಷದಲ್ಲಿ ಮೂರರಲ್ಲೊಂದು ಪಾಲು ಎಂದರೆ 70 ಕ್ವಿಂಟಲ್, 50 ಕಿಲೋ ಚೀಲದಲ್ಲಿ 140 ಚೀಲ. ಕೆಟ್ಟ ವರುಷ ಬಂದರೆ ಸದಸ್ಯರು ಮೊದಲು ಸಾಲ ತೀರಿಸುತ್ತಾರೆ, ಕೂಡಿಡಲು ಏನೂ ಉಳಿಯದು. ಆದ್ದರಿಂದ ಗೋದಾಮನ್ನು ವರುಷದ ಕರಾರಿಗೆ ಹಿಡಿಯದೆ ತಿಂಗಳ ಬಾಡಿಗೆಗೆ ಹಿಡಿಯುವುದು ಜಾಣತನ. ಕೆಟ್ಟ ಲೆಕ್ಕದಿಂದ ಒರೆ ಹಚ್ಚುವುದೆಂದರೆ ಇದೇ.

7. ತಪಾಸಣೆಯ ದಿನಗಳು. ಯೋಜನೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಇಲಿ ಓದುತ್ತದೆ. ಬಿತ್ತನೆ ಮುಗಿದಾಗ, ಹೂವು ಕಟ್ಟುವಾಗ, ರಾಶಿಗೆ ಮುಂಚೆ, ಮಾರಾಟದ ನಂತರ – ಈ ನಾಲ್ಕು ಸಭೆಗಳ ದಿನವನ್ನು ಮೊದಲೇ ಗೊತ್ತುಮಾಡಿರಿ. ಹೂವಿನ ಹೊತ್ತಿನ ಸಭೆ ಮುಖ್ಯ. ಕಾಯಿಕೊರಕ ಹುಳು ಆಗ ಬೀಳುತ್ತದೆ, ಎಷ್ಟು ಇಳುವರಿ ಬಂದೀತೆಂಬುದೂ ಆಗಲೇ ತಕ್ಕಮಟ್ಟಿಗೆ ಕಾಣುತ್ತದೆ. 210 ಕ್ವಿಂಟಲಿನ ಅಂದಾಜು 150ಕ್ಕೆ ಇಳಿದಿದ್ದರೆ ಚೀಲದ ಬೇಡಿಕೆಯನ್ನೂ ಗೋದಾಮಿನ ಮಾತನ್ನೂ ಅಂದೇ ಬದಲಿಸಬೇಕು. ಬದಲಿಸಿದರೆ ಯೋಜನೆ ಸೋತಿತೆಂದು ಅರ್ಥವಲ್ಲ. ಬದಲಿಸಿದ್ದೇಕೆ ಎಂದು ಬರೆದಿಟ್ಟರೆ ಬರುವ ವರುಷಕ್ಕೆ ಅದೇ ಪಾಠ.

ಮಳೆಯ ಮಾತನ್ನೂ ಇದೇ ರೀತಿ ಮೊದಲೇ ಬರೆಯಬಹುದು. ಮಿರಗ, ಆರಿದ್ರಾ ತಪ್ಪಿ ಪುನರ್ವಸು ಮುಗಿಯುವವರೆಗೂ ಹದ ಮಳೆ ಬಾರದಿದ್ದರೆ ಹೆಸರು, ಉದ್ದುಗಳಿಗೆ ಹೊತ್ತು ಮೀರುತ್ತದೆ. ಆಗ ಆ ಹೊಲಗಳಿಗೆ ತೊಗರಿಯನ್ನು ಸಾಲು ಹತ್ತಿರ ಮಾಡಿ ಹಾಕುವುದೋ, ಹಿಂಗಾರಿ ಜೋಳ ಕಡಲೆಗೆ ಹರಗಿ ಬಿಡುವುದೋ ಎಂದು ಮೇ ತಿಂಗಳಲ್ಲೇ ಠರಾವು ಮಾಡಿಟ್ಟರೆ, ಜುಲೈಯಲ್ಲಿ ಗಾಬರಿಯಿಂದ ಸಿಕ್ಕ ಬೀಜ ಕೊಳ್ಳುವುದು ತಪ್ಪುತ್ತದೆ.

ಯೋಜನೆ ಎಲ್ಲಿ ಕೆಡುತ್ತದೆ?

ಮೂರು ಕಡೆ ಕೆಡುತ್ತದೆ.

ಒಂದು, ಯೋಜನೆ ಮಾಡುವವರು ಬೇರೆ, ಕೆಲಸ ಮಾಡುವವರು ಬೇರೆ ಆದಾಗ. ಪೇಟೆಯಲ್ಲಿ ಕುಳಿತವರು ಟೈಪು ಮಾಡಿಸಿ ತಂದ ಕಾಗದಕ್ಕೆ ಸದಸ್ಯರು ಹೆಬ್ಬೆಟ್ಟು ಒತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಕಳೆ ಕೀಳುವವಳಿಗೆ ಮಾತ್ರ ಗೊತ್ತಿರುವ ಸಂಗತಿಗಳಿವೆ: ಯಾವ ವಾರದಲ್ಲಿ ಕೂಲಿ ಸಿಗುವುದಿಲ್ಲ, ಯಾವ ಹೊಲದಲ್ಲಿ ನೆಟೆ ರೋಗ ಬರುತ್ತದೆ ಎಂಬುದು. ಅವಳು ಸಭೆಯಲ್ಲಿ ಮಾತಾಡದಿದ್ದರೆ ಯೋಜನೆಗೆ ಒಂದು ಕಣ್ಣು ಕುರುಡು. ಪಸ್ತಾಪುರದ ಸಂಘಗಳಲ್ಲಿ ಊರವರೇ ಊರಿನ ನಕ್ಷೆ ಬರೆದರೆಂಬುದನ್ನು ಇಲ್ಲಿ ನೆನೆಯಬೇಕು.

ಎರಡು, ಅನುದಾನವೇ ಗುರಿಯಾದಾಗ. ಸರಕಾರದ ಸಹಾಯ ಬೇಡವೆಂದು ಯಾರೂ ಹೇಳುವುದಿಲ್ಲ. 2020ರ ಕಾರ್ಯಕ್ರಮದಲ್ಲಿ ಒಂದು ಉತ್ಪಾದಕ ಸಂಸ್ಥೆಗೆ ಆಡಳಿತದ ಖರ್ಚಿಗಾಗಿ ಮೂರು ವರುಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ಸಹಾಯ ಗೊತ್ತುಮಾಡಿದರು. ಆದರೆ ನಾಲ್ಕನೆಯ ವರುಷ ಗುಮಾಸ್ತನ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯನ್ನು ಮೊದಲನೆಯ ವರುಷವೇ ಕೇಳಬೇಕು. ಅನುದಾನ ಎಂಬುದು ಮುಂಗಾರಿ ಮಳೆ. ಬಾವಿಯನ್ನು ನಾವೇ ತೋಡಿಕೊಳ್ಳಬೇಕು.

ಮೂರು, ಅಳತೆ ಮೀರಿದಾಗ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೊದಲ ವರುಷವೇ ಬೇಳೆ ಗಿರಣಿ, ಲಾರಿ, ಅಂಗಡಿ ಎಂದು ಹೊರಟ ಸಂಘಕ್ಕಿಂತ, ಬೀಜವನ್ನು ಕೂಡಿ ಕೊಂಡು ಹೊತ್ತಿಗೆ ಸರಿಯಾಗಿ ಹಂಚಿದ ಸಂಘವೇ ಮುಂದೆ ಗಿರಣಿ ನಡೆಸಬಲ್ಲದು. ಒಂದು ಕೆಲಸ ಹೊತ್ತಿಗೆ ಆಗಿದ್ದನ್ನು ಕಂಡ ಸದಸ್ಯ ಎರಡನೆಯದಕ್ಕೆ ತಾನೇ ಮುಂದೆ ಬರುತ್ತಾನೆ.

ನಮ್ಮ ಭಾಷೆಯಲ್ಲಿ ಓದಿ ಹೇಳಬೇಕು

ಗಡಿಯ ಈಚೆಗಿರುವ ನಮಗೆ ಇನ್ನೊಂದು ವಿಶೇಷ ಕಷ್ಟವುಂಟು. 1956ರ ನವೆಂಬರಿನಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ ತಾಲ್ಲೂಕಿನ ಬಹುಭಾಗ, ನ್ಯಾಲ್ಕಲ್ ವೃತ್ತ, ನಾರಾಯಣಖೇಡ ತಾಲ್ಲೂಕುಗಳೂ ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಸಂಘದ ಕಾಗದಪತ್ರಗಳೆಲ್ಲ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಕಚೇರಿಗೆ ಅದು ಸರಿಯೇ. ಆದರೆ ಮನೆಯಲ್ಲಿ ಕನ್ನಡವಾಡುವ ಸದಸ್ಯನಿಗೆ ಸಾಲದ ಕರಾರು, ಷೇರಿನ ನಿಯಮ, ಕಾಳು ಒಪ್ಪಿಸುವ ತಾರೀಖು ಅರ್ಥವಾಗದಿದ್ದರೆ ಅದು ಅವನ ಯೋಜನೆಯಾಗುವುದಿಲ್ಲ. ಒಂದೇ ಊರಿನಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಆಡುವವರು ನಾವು. ಯಾರೊಡನೆಯೂ ಇದರಿಂದ ವೈಮನಸ್ಸು ಬೇಕಿಲ್ಲ. ಕಚೇರಿಯ ಪ್ರತಿ ಯಾವ ಭಾಷೆಯಲ್ಲಿದ್ದರೂ, ಸಭೆಯಲ್ಲಿ ಅದನ್ನು ಸದಸ್ಯರು ಆಡುವ ಮಾತಿನಲ್ಲಿ ಓದಿ ಹೇಳಬೇಕೆಂದು ಒಂದು ಕಾಯಂ ನಿಯಮ ಮಾಡಿಕೊಂಡರೆ ಸಾಕು. ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ ಇದೇ ಸಂಘದ ಹೆಣ್ಣುಮಕ್ಕಳು 2008ರಲ್ಲಿ ತಮ್ಮದೇ ರೇಡಿಯೋ ಕೇಂದ್ರ ಆರಂಭಿಸಿ, ಬೀಜ ಬಿತ್ತನೆಯ ಸಂಗತಿಗಳನ್ನು ತಮ್ಮ ಹಳ್ಳಿಯ ಮಾತಿನಲ್ಲೇ ಹೇಳತೊಡಗಿದರು. ತಿಳಿದ ಮಾತಿನಲ್ಲಿ ಹೇಳಿದ ಯೋಜನೆ ಕೈಕಾಲುಗಳಿಗೆ ಬೇಗ ಇಳಿಯುತ್ತದೆ.

ಈ ವರುಷವೇ ತೊಡಗಿರಿ

ಇದಕ್ಕೆ ದೊಡ್ಡ ಪದವಿ ಬೇಕಿಲ್ಲ. ಯುಗಾದಿಯಿಂದ ಮಿರಗದವರೆಗೆ ಬಿಡುವಿನ ದಿನಗಳಿರುತ್ತವೆ. ಒಂದು ಸಂಜೆ ಸಂಘದವರೆಲ್ಲ ಕೂಡಿರಿ. ಒಂದು ದೊಡ್ಡ ಹಾಳೆಯ ಮೇಲೆ ಏಳು ಸಾಲು ಎಳೆಯಿರಿ: ಗುರಿ, ಕೈಯಲ್ಲಿರುವುದು, ಮೂರು ಬಗೆಯ ಅಂದಾಜು, ದಾರಿಗಳು, ಯಾರು ಏನು ಯಾವಾಗ, ಹಣ ಬರುವ ಹೋಗುವ ತಿಂಗಳು, ತಪಾಸಣೆಯ ದಿನ. ಬರೆಯಬಲ್ಲ ಒಬ್ಬರು ಬರೆಯಲಿ, ಎಲ್ಲರೂ ಕೇಳಲಿ. ಕೊನೆಗೆ ಆ ಹಾಳೆಯನ್ನು ಗುಡಿಯ ಗೋಡೆಗೋ ಶಾಲೆಯ ಗೋಡೆಗೋ ಎಲ್ಲರಿಗೂ ಕಾಣುವಂತೆ ಅಂಟಿಸಿರಿ.

ನಾವು ಯೋಜನೆ ಮಾಡದಿದ್ದರೆ ಯೋಜನೆಯೇ ಇಲ್ಲದೆ ಹೋಗುವುದಿಲ್ಲ. ನಮ್ಮ ಪರವಾಗಿ ಬೇರೆಯವರು ಮಾಡಿರುತ್ತಾರೆ. ಬೀಜದ ಅಂಗಡಿಯವನು ಯಾವ ಬೀಜ ಎಂದೂ, ಮುಂಗಡ ಕೊಟ್ಟವನು ಯಾವ ದಿನ ಮಾರಬೇಕೆಂದೂ ಆಗಲೇ ಗೊತ್ತುಮಾಡಿರುತ್ತಾರೆ. ಶ್ರಾವಣದಲ್ಲಿ ಮನೆಯ ಗಡಿಗೆಯಲ್ಲಿ ಜೋಳವಿರಬೇಕೋ ಬೇಡವೋ ಎಂಬ ತೀರ್ಮಾನ ಚೈತ್ರ ವೈಶಾಖದ ಸಭೆಯಲ್ಲೇ ಆಗಿಹೋಗುತ್ತದೆ. ಆ ಸಭೆಯಲ್ಲಿ ನಾವು ಕುಳಿತಿರಬೇಕು.